ಸೌದಾಮಿನಿಯ ಬೆಲ್ಲ-ನೀರು

ಸೌದಾಮಿನಿ ಎಂದರೆ ಮಿಂಚು. ಕಾಸರಗೋಡಿನ ಬದಿಯಡ್ಕದ ಆ ಹೆಣ್ಣುಮಗಳಿಗೆ ಯಾವ ಪುಣ್ಯಾತ್ಮರು ಈ ಹೆಸರಿಟ್ಟರೋ, ಮಿಂಚಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಅವಳು ಒಂದು ಹಾಸಿಗೆಯ ಹೊದಿಕೆ ಬದಲಾಯಿಸುವಷ್ಟರಲ್ಲಿ ಬೇರೆಯವರು ಇಡೀ ಸಾಲು ಮುಗಿಸಿ ಚಹಾ ಕುಡಿಯುತ್ತ ನಿಂತಿರುತ್ತಿದ್ದರು. ಆದರೆ ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿದ್ದ ಆ ವೃದ್ಧರ ಆರೈಕೆ ಮನೆಗೆ ಹೋಗಿ ಯಾವ ಮುದುಕರನ್ನು ಬೇಕಾದರೂ ಕೇಳಿ ನೋಡಬೇಕಿತ್ತು. ಸ್ನಾನ ಮಾಡಿಸಲು ಯಾರು ಬೇಕು ಎಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಸೌದಾಮಿನಿ ಚೇಚಿ, ಅಂದರೆ ಸೌದಾಮಿನಿ ಅಕ್ಕ. ಆತುರದವರ ಕೈಯಲ್ಲಿ ಅವರೆಲ್ಲ ಸಾಕಷ್ಟು ನೊಂದಿದ್ದರು.

ಅವಳ ಗಂಡ ಶ್ರೀಪತಿ ಎರ್ನಾಕುಳಂನ ಹೈಕೋರ್ಟಿನಲ್ಲಿ ಗುಮಾಸ್ತ. ಕಾಸರಗೋಡಿನ ಕಡೆಯಿಂದ ಬರುವ ಕನ್ನಡ ಕಾಗದಪತ್ರಗಳೆಲ್ಲ ಸುತ್ತಿ ಸುತ್ತಿ ಅವನ ಮೇಜಿಗೇ ಬಂದು ಬೀಳುತ್ತಿದ್ದವು. ಮಗಳು ತನ್ವಿ ಶಾಲೆಗೆ ಹೋಗುವವಳು. ಅಮ್ಮ ಕನ್ನಡದಲ್ಲಿ ಕರೆದರೆ ಮಗಳು ಮಲಯಾಳದಲ್ಲಿ ಓಗೊಡುವ ಮನೆ ಅದು. ಹಾಸಿಗೆ ಹಿಡಿದ ಅತ್ತೆಯನ್ನು ಊರಲ್ಲಿ ಕೊನೆಯ ತನಕ ನೋಡಿಕೊಂಡದ್ದು ಬಿಟ್ಟರೆ ಸೌದಾಮಿನಿಯ ಹತ್ತಿರ ಬೇರೆ ಯಾವ ಸರ್ಟಿಫಿಕೇಟೂ ಇರಲಿಲ್ಲ. ಅದೊಂದರ ಬಲದ ಮೇಲೆ, 2001ರ ಮಳೆಗಾಲದಲ್ಲಿ ಅವಳು ಆ ಮನೆಯಲ್ಲಿ ಕೆಲಸಕ್ಕೆ ಸೇರಿದಳು.

ಮೊದಲ ದಿನ ಬಸ್ಸಿಳಿದು, ಅರ್ಧ ನೆನೆದ ಸೀರೆಯಲ್ಲಿ ಗೇಟಿನ ಹತ್ತಿರ ನಿಂತರೆ ಕಾವಲುಗಾರ ತಲೆ ಎತ್ತದೆ ಕೇಳಿದ, "ಡ್ಯೂಟಿಗಾ? ಹಿಂದಿನ ಬಾಗಿಲು." ಹಿಂದಿನ ಬಾಗಿಲಿನಲ್ಲಿ ಒಬ್ಬರು ಬಕೆಟ್ ಕೊಟ್ಟರು, ಇನ್ನೊಬ್ಬರು ಏಪ್ರನ್ ಕೊಟ್ಟರು. ಗಂಟಲು ಒಣಗಿ ಹೋಗಿತ್ತು. ಒಂದು ಲೋಟ ನೀರು ಕೇಳುವುದಕ್ಕೂ ಸಂಕೋಚ. ಹೊಸ ಸೊಸೆಗಾದರೂ ಗಂಡನ ಮನೆಯಲ್ಲಿ ಮೊದಲ ದಿನ ನೀರು ಕೊಡುತ್ತಾರೆ, ತನ್ನ ಪಾಡು ಅದಕ್ಕಿಂತ ಕಡೆಯಾಯಿತಲ್ಲ ಅಂದುಕೊಂಡಳು.

ಅದೇ ದಿನ ಮುಂದಿನ ಬಾಗಿಲಿನಿಂದ ಒಬ್ಬರು ಅಜ್ಜಿಯೂ ಬಂದಿದ್ದರು. ಕಾರಿನಿಂದ ಇಳಿಸಿದವರು ಸೀದಾ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಆಮೇಲೆ ರಕ್ತದೊತ್ತಡ, ಆಮೇಲೆ ಕೈಗೆ ಹೆಸರಿನ ಪಟ್ಟಿ. ಅಜ್ಜಿ ಸುತ್ತ ನೋಡುತ್ತಾರೆ, ಯಾರೂ ಅವರ ಮುಖ ನೋಡುವುದಿಲ್ಲ. ಬಕೆಟ್ ಹಿಡಿದು ನಿಂತಿದ್ದ ಸೌದಾಮಿನಿಗೆ ಸಿಟ್ಟು ನೆತ್ತಿಗೇರಿತು. ಸಂಜೆ ಮನೆಗೆ ಬಂದವಳೇ ಗಂಡನ ಮುಂದೆ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಕ್ಕಿದಳು. "ಅಲ್ಲ, ಮನೆಗೆ ಬಂದವರನ್ನು ಮೊದಲು ತೂಗ್ತಾರಾ? ಅವರೆಂತ ಬಾಳೆಗೊನೆಯಾ?"

ಶ್ರೀಪತಿ ನಕ್ಕ. "ನೀನು ಬೆಲ್ಲ-ನೀರು ಕೊಡು, ಹಾಗಾದರೆ."

ತಮಾಷೆಗೆ ಹೇಳಿದ ಮಾತು. ಆದರೆ ಸೌದಾಮಿನಿಯ ಹತ್ತಿರ ತಮಾಷೆ ಮಾಡುವವರು ಸ್ವಲ್ಪ ನೋಡಿಕೊಂಡು ಮಾಡಬೇಕು.

ನಮ್ಮ ಕಾಸರಗೋಡಿನ ಕಡೆ ಮನೆಗೆ ಯಾರು ಬಂದರೂ, ಬಂದ ಕೆಲಸ ಕೇಳುವುದಕ್ಕೆ ಮೊದಲು ಜಗಲಿಯಲ್ಲಿ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬಂದವರು ನೆಂಟರೇ ಆಗಲಿ, ಗಡಿಜಗಳದ ಸಮನ್ಸು ತಂದ ಅಮೀನರೇ ಆಗಲಿ, ವ್ಯತ್ಯಾಸವಿಲ್ಲ. "ಆಸರಿಗೆ ತೆಗೊಳ್ಳಿ" ಎನ್ನುತ್ತಾರೆ. ಆಸರು ಎಂದರೆ ಬಾಯಾರಿಕೆ. ಬೆಲ್ಲ ಕಚ್ಚಿ ನೀರು ಕುಡಿದ ಮೇಲೆ ಬಂದವನು ಆ ಮನೆಗೆ ಪರಕೀಯನಲ್ಲ. ಜಗಳವಾಡುವುದಿದ್ದರೂ ಆಮೇಲೆ, ಕೂತುಕೊಂಡು.

ಮುಂದಿನ ಸಲ ಹೊಸಬರೊಬ್ಬರ ಕಾರು ಬಂದು ನಿಂತಾಗ ಸೌದಾಮಿನಿ ಮೆಟ್ಟಿಲ ಮೇಲೆ ಹಾಜರು. ಒಂದು ಕೈಯಲ್ಲಿ ಸಣ್ಣ ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಮನೆಯಿಂದ ತಂದ ಹಿತ್ತಾಳೆಯ ಚೆಂಬು. "ಬನ್ನಿ, ಒಳಗೆ ಬನ್ನಿ. ಆಸರಿಗೆ ತೆಗೊಳ್ಳಿ." ಅರ್ಧ ಕನ್ನಡ, ಅರ್ಧ ಹರುಕುಮುರುಕು ಮಲಯಾಳ. ಬಂದವರಿಗೆ ಮಾತು ತಿಳಿಯದಿದ್ದರೂ ಬೆಲ್ಲ ತಿಳಿಯುತ್ತಿತ್ತು.

ಹೆಡ್ ನರ್ಸ್ ಗ್ರೇಸಿ ಸಿಸ್ಟರ್ ಕೋಟ್ಟಯಂ ಕಡೆಯವರು, ಬೆಂಕಿಯಂಥ ಹೆಂಗಸು. ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲಿ ಅವರು ಹಜಾರದಲ್ಲಿ ನಡೆದು ಬಂದರೆ ಫ್ಯಾನು ಕೂಡ ಸದ್ದು ಮಾಡಲು ಹೆದರುತ್ತಿತ್ತು. "ಏನಿದು ಸೌದಾಮಿನಿ, ಇದೇನು ದೇವಸ್ಥಾನವಾ, ಪ್ರಸಾದ ಹಂಚಲಿಕ್ಕೆ?" ಎಂದು ಗದರಿದರು.

"ಒಂದು ಚೂರು ಬೆಲ್ಲ ಸಿಸ್ಟರೇ. ಶುಗರ್ ಇದ್ದವರಿಗೆ ಹೆಸರುಕಾಳಿನಷ್ಟು, ಬರೀ ಹೆಸರಿಗೆ."

ಗ್ರೇಸಿ ಸಿಸ್ಟರ್ ಹುಬ್ಬು ಗಂಟಿಕ್ಕಿದರು, ಆದರೆ ತಡೆಯಲಿಲ್ಲ. ಬೆಲ್ಲ ತಿಂದು ಒಳಗೆ ಬಂದವರು ಮೊದಲ ರಾತ್ರಿ ಅಳುವುದು ಕಡಿಮೆ ಎಂಬುದನ್ನು ಅವರೂ ಗಮನಿಸಿದ್ದರು. ಗಮನಿಸಿದ್ದನ್ನು ಬಾಯಿಬಿಟ್ಟು ಹೇಳುವ ಜಾತಿ ಅವರದಲ್ಲ, ಅಷ್ಟೇ.

ಬೆಲ್ಲವೊಂದೇ ಅಲ್ಲ. ಸೌದಾಮಿನಿಯ ಕೆಲಸದಲ್ಲಿ ಇಂಥ ಚಿಲ್ಲರೆ ಸಂಗತಿಗಳು ಬೇಕಾದಷ್ಟಿದ್ದವು. ಯಾರನ್ನೇ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಬೈತಲೆ ತೆಗೆಯುವಾಗ ಗೋಡೆಯ ಮೇಲಿನ ಹಳೆಯ ಫೋಟೋ ನೋಡಿ ಎಡವೋ ಬಲವೋ ನಡುವೆಯೋ ಎಂದು ತಿಳಿದುಕೊಂಡು ಬಾಚುತ್ತಿದ್ದಳು. ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮುದುಕರೊಬ್ಬರು ಇದ್ದರು. ಅವರ ಗಾಲಿಕುರ್ಚಿಯನ್ನು ಯಾರಾದರೂ ಹೇಳದೆ ಕೇಳದೆ ತಳ್ಳಿದರೆ ಕೂಗಾಡಿ ರಂಪ ಮಾಡುವರು. ಸೌದಾಮಿನಿ ಹೊರಡುವ ಮೊದಲು ಕುರ್ಚಿಯ ಹಿಡಿಕೆಯ ಮೇಲೆ ಬೆರಳಿನಿಂದ ಎರಡು ಸಲ ಟಣ್ ಟಣ್ ಎಂದು ಬಡಿಯುತ್ತಿದ್ದಳು, ನಿಲ್ಲುವಾಗ ಒಂದು ಸಲ. ಬಸ್ಸು ಹೊರಡುವ ಡಬಲ್ ಬೆಲ್ ಆಯಿತಲ್ಲ, ಇನ್ನೇನು ತಕರಾರು? ಮುದುಕರು ಗಂಭೀರವಾಗಿ ತಲೆಯಾಡಿಸಿ "ಪೋಟ್ಟೆ" ಎನ್ನುತ್ತಿದ್ದರು, ಹೋಗಲಿ ಎಂದು. ಇದಕ್ಕೆಲ್ಲ ಅವಳಿಗೆ ಯಾರೂ ಬಿರುದು ಬಾವಲಿ ಕೊಡಲಿಲ್ಲ. ಬೇಕೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

ಹೀಗೆ ನಾಲ್ಕು ವರ್ಷ ನಡೆಯಿತು. ಆಮೇಲೆ, 2005ರ ಬೇಸಿಗೆಯಲ್ಲಿ, ಧರಣೇಂದ್ರ ಬಲ್ಲಾಳರು ಬಂದರು.

ಬಲ್ಲಾಳರು ಮಂಜೇಶ್ವರದ ಜೈನರು. ಕಾಸರಗೋಡಿನ ಕೋರ್ಟಿನಲ್ಲಿ ಶಿರಸ್ತೆದಾರರಾಗಿ ನಿವೃತ್ತರಾದವರು. ಜಡ್ಜರುಗಳು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ, ಕೋರ್ಟು ನಡೆಸುವವನು ಶಿರಸ್ತೆದಾರ ಎಂಬುದು ಅವರ ಗಟ್ಟಿ ನಂಬಿಕೆ. ಹೆಂಡತಿ ತೀರಿಕೊಂಡು, ಬಿದ್ದು ಸೊಂಟ ಮುರಿದು, ಸಕ್ಕರೆ ಕಾಯಿಲೆಯೂ ಸೇರಿಕೊಂಡಿತ್ತು. ಒಬ್ಬಳೇ ಮಗಳು ದೀಪ್ತಿ ತಿರುವನಂತಪುರದ ಸೆಕ್ರೆಟೇರಿಯೇಟಿನಲ್ಲಿ ಕಾನೂನು ಇಲಾಖೆಯ ಅಧಿಕಾರಿ. ಅವಳು ಇರುವುದು ಲಿಫ್ಟಿಲ್ಲದ ಕ್ವಾರ್ಟರ್ಸಿನ ಮೂರನೆಯ ಮಹಡಿ. ಅಲ್ಲಿ ಹೇಳಿಕೊಳ್ಳುವಂಥ ಜಾಗ ಸಿಗದೆ, ಅಪ್ಪನನ್ನು ಕೊಚ್ಚಿಗೆ ತಂದಳು.

ಬಲ್ಲಾಳರು ಕಾರಿನಿಂದ ಇಳಿದದ್ದೇ ಮುಖ ಗಡಿಗೆಯಷ್ಟು ಮಾಡಿಕೊಂಡು. ದಾರಿಯುದ್ದಕ್ಕೂ ಮಗಳ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಸೌದಾಮಿನಿ ಬೆಲ್ಲದ ತಟ್ಟೆ ಹಿಡಿದು, ಊರಿನವರು ಎಂಬ ಖುಷಿಗೆ ಮುಖ ತುಂಬ ನಗುತ್ತ, "ಬನ್ನಿ ಬಲ್ಲಾಳರೇ, ಒಳಗೆ ಬನ್ನಿ. ಆಸರಿಗೆ ತೆಗೊಳ್ಳಿ" ಎಂದಳು.

ಮುದುಕರು ಬೆಲ್ಲದ ಚೂರನ್ನು ತೆಗೆದುಕೊಂಡರು. ಬಾಯಿಗೆ ಹಾಕಲಿಲ್ಲ. ಎರಡು ಬೆರಳಿನ ನಡುವೆ ಹಿಡಿದು ಅದನ್ನೇ ನೋಡುತ್ತ ಗಾಲಿಕುರ್ಚಿಯಲ್ಲಿ ಕುಳಿತರು. ಉಳಿದವರೆಲ್ಲ ತಕ್ಷಣ ಬಾಯಿಗೆ ಹಾಕಿ, ನೀರು ಕುಡಿದು, ಒದ್ದೆ ಕೈಯನ್ನು ಸೆರಗಿಗೋ ಪಂಚೆಗೋ ಒರೆಸಿಕೊಳ್ಳುತ್ತಿದ್ದರು. ಇವರು ಬೇಸಿಗೆಯ ಬೆವರುಗೈಯಲ್ಲಿ ಅದನ್ನು ಹಿಚುಕುತ್ತಲೇ ಇದ್ದರು. ಗಾಲಿಕುರ್ಚಿ ಒಳಗೆ ಹೋಗಿ, ತೂಕ ಮುಗಿದು, ಮಗಳು ರೈಲಿಗೆ ಹೊತ್ತಾಯಿತೆಂದು ಹೊರಟು ನಿಂತಾಗ ಮಾತ್ರ ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡು ಮುಖ ಆಚೆ ತಿರುಗಿಸಿದರು.

ಅಷ್ಟರಲ್ಲಿ ಗ್ರೇಸಿ ಸಿಸ್ಟರ್ ಶುಗರ್ ನೋಡುವ ಮಿಷನ್ ಹಿಡಿದು ಬಂದರು. ಬೆರಳನ್ನು ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಸೂಜಿ ಚುಚ್ಚಿ, ರಕ್ತದ ಹನಿ ತಾಗಿಸಿದರು. ಮಿಷನ್ ತೋರಿಸಿದ ಅಂಕಿ ನೋಡಿ ಅವರ ಹುಬ್ಬು ಮೇಲೇರಿತು. ಡಾಕ್ಟರಿಗೆ ಫೋನು ಹೋಯಿತು, ಡಾಕ್ಟರು ಇನ್ಸುಲಿನ್ ಹೇಳಿದರು, ಗ್ರೇಸಿ ಸಿಸ್ಟರ್ ಕೊಟ್ಟರು. ಎಲ್ಲ ಕ್ರಮಪ್ರಕಾರ. ಮಧ್ಯಾಹ್ನ ಊಟ ತಂದಿಟ್ಟರೆ ಬಲ್ಲಾಳರು ಮುಟ್ಟಲಿಲ್ಲ. "ಬೇಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಹೊಸಬರು ಮೊದಲ ದಿನ ಮುನಿಸಿಕೊಳ್ಳುವುದು ಇದ್ದದ್ದೇ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟರಾಯಿತು ಎಂದುಕೊಂಡರು ಎಲ್ಲರೂ.

ಸ್ವಲ್ಪ ಹೊತ್ತು ಬಿಟ್ಟು ಸೌದಾಮಿನಿ ಗಂಜಿ ಹಿಡಿದು ಹೋದಾಗ ಬಲ್ಲಾಳರ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಕರೆದರೆ ಕಣ್ಣು ತೆರೆಯಲಿಲ್ಲ. ಅವಳು ಹಾಕಿದ ಕೂಗಿಗೆ ಇಡೀ ಮನೆ ಓಡಿ ಬಂತು. ಜನ್ಮದಲ್ಲಿ ಮೊದಲ ಬಾರಿ ಸೌದಾಮಿನಿ ಮಿಂಚಿನ ಹಾಗೆ ಓಡಿದ್ದು ಅವತ್ತೇ ಎಂದು ಅಡುಗೆಯವರು ಆಮೇಲೆ ಹೇಳುತ್ತಿದ್ದರು. ಗ್ರೇಸಿ ಸಿಸ್ಟರ್ ಗ್ಲೂಕೋಸ್ ಏರಿಸಿದರು, ಆಂಬುಲೆನ್ಸ್ ಬಂತು, ಅವರ ಜೊತೆ ಸೌದಾಮಿನಿಯೂ ಅದರಲ್ಲೇ ಹತ್ತಿ ಕುಳಿತಳು.

ಆಸ್ಪತ್ರೆಯಲ್ಲಿ ಬಲ್ಲಾಳರಿಗೆ ಎಚ್ಚರವಾಯಿತು. ಜೀವಕ್ಕೆ ಅಪಾಯವಿಲ್ಲ ಎಂದರು. ಆದರೆ ಅಲ್ಲಿಯ ಡಾಕ್ಟರಿಗೆ ಒಂದು ಲೆಕ್ಕ ಹತ್ತಲಿಲ್ಲ. ರಕ್ತಪರೀಕ್ಷೆಯ ಪ್ರಕಾರ ಈ ಮುದುಕರ ಸಕ್ಕರೆ ತಿಂಗಳುಗಳಿಂದ ಹದವಾಗಿಯೇ ಇದೆ. ಹಾಗಿದ್ದರೆ ಬೆಳಗ್ಗೆ ಆ ಪರಿ ಏರಿದ್ದು ಹೇಗೆ? ಏರದಿದ್ದವರಿಗೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿದು ಹೀಗಾಗದೆ ಇನ್ನೇನಾಗುತ್ತದೆ? "ನಿಮ್ಮ ಮಿಷನ್ ಕೆಟ್ಟಿರಬೇಕು" ಎಂದರು. ಗ್ರೇಸಿ ಸಿಸ್ಟರೂ ಹೌದಿರಬೇಕು ಎಂದರು. ಮಿಷನ್ನಿಗೆ ಎಷ್ಟು ಬೈದರೂ ಅದಕ್ಕೆ ಬೇಜಾರಿಲ್ಲ, ಎಲ್ಲರಿಗೂ ಅನುಕೂಲ.

ಸೌದಾಮಿನಿ ಮಂಚದ ಪಕ್ಕ ಕುಳಿತಿದ್ದಳು. ಬಲ್ಲಾಳರ ಬಲಗೈ ಹೊದಿಕೆಯ ಹೊರಗಿತ್ತು. ನೋಡುತ್ತಾಳೆ, ಗೋಡೆಯಿಂದ ಇಳಿದ ಇರುವೆಗಳ ಸಾಲೊಂದು ಮಂಚದ ಕಾಲು ಹತ್ತಿ, ಹಾಸಿಗೆ ದಾಟಿ, ನೇರ ಅವರ ಸೂಜಿ ಚುಚ್ಚಿಸಿಕೊಂಡ ತೋರುಬೆರಳಿಗೆ ಹೋಗುತ್ತಿದೆ. ಇರುವೆಗಳನ್ನು ಊದಿ ಓಡಿಸಿ ಬೆರಳು ಮುಟ್ಟಿದಳು. ಅಂಟು. ಉಗುರಿನ ಸಂದಿಯಲ್ಲಿ ಕಂದು ಬಣ್ಣ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಬೆಲ್ಲದ ಅಂಟು ಹೋಗುತ್ತದಾ? ಬೆಲ್ಲಕ್ಕೆ ನೀರೇ ಆಗಬೇಕು, ಬೆಲ್ಲದ ಪಾತ್ರೆ ತೊಳೆದ ಯಾವ ಹೆಂಗಸಿಗೂ ಅದು ಗೊತ್ತು. ಮಿಷನ್ ಅಳೆದದ್ದು ಬಲ್ಲಾಳರ ರಕ್ತದ ಸಕ್ಕರೆಯನ್ನಲ್ಲ, ತನ್ನ ಬೆಲ್ಲವನ್ನು.

ಬೇರೆ ಯಾರೂ ನೋಡಿರಲಿಲ್ಲ. ಒಂದು ಒದ್ದೆ ಬಟ್ಟೆ ಸಾಕಿತ್ತು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಒದ್ದೆ ಬಟ್ಟೆ ತಂದಳು, ಆದರೆ ಮೊದಲು ಹೊರಗೆ ಹೋಗಿ ಗ್ರೇಸಿ ಸಿಸ್ಟರನ್ನು ಕರೆದುಕೊಂಡು ಬಂದು ಆ ಬೆರಳು ತೋರಿಸಿದಳು. "ಮಿಷನ್ ಸರಿಯಿದೆ ಸಿಸ್ಟರೇ. ಸರಿಯಿಲ್ಲದ್ದು ನಾನು."

ಗ್ರೇಸಿ ಸಿಸ್ಟರ್ ಬೆರಳನ್ನೂ ನೋಡಿದರು, ಇವಳ ಮುಖವನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸೌದಾಮಿನಿಗೆ. "ನಾನೂ ಕೈ ತೊಳೆಸಬೇಕಿತ್ತು" ಎಂದಷ್ಟೇ ಹೇಳಿ ಅವರು ಡಾಕ್ಟರ ಕೋಣೆಯ ಕಡೆ ಹೋದರು.

ಅಂದು ಮನೆಯಲ್ಲಿ ಅವಳು ಅನ್ನ ಮುಟ್ಟಲಿಲ್ಲ. ಶ್ರೀಪತಿ ಪಕ್ಕದಲ್ಲಿ ಕೂತು ನಿಧಾನಕ್ಕೆ ಕೇಳಿದ, "ಹೇಳದಿದ್ದರೆ ಆಗ್ತಿರಲಿಲ್ಲವಾ?"

"ಹೇಳದಿದ್ದರೆ ನಾಳೆ ಇನ್ನೊಬ್ಬರಿಗೆ ಹೀಗೇ ಆಗ್ತಿತ್ತು. ಕೆಲಸ ಹೋದರೆ ಹೋಗ್ಲಿ. ಆದರೆ ಒಂದು ಹೊಟ್ಟೆ ಉರಿ ಉಂಟು," ಎಂದಳು, ಕಣ್ಣಲ್ಲಿ ನೀರು. "ಇನ್ನು ಅಲ್ಲಿ ಬಂದವರನ್ನು ಬನ್ನಿ ಅನ್ನುವವರು ಯಾರೂ ಇರುವುದಿಲ್ಲ."

ಬಲ್ಲಾಳರು ಆಸ್ಪತ್ರೆಯಿಂದ ವಾಪಸು ಬಂದ ಮೇಲೆ ಮ್ಯಾನೇಜರ್ ರಾಧಾಕೃಷ್ಣ ಅವರ ಕೋಣೆಯಲ್ಲಿ ಎಲ್ಲರೂ ಸೇರಿದರು. ದೀಪ್ತಿ ತಿರುವನಂತಪುರದಿಂದ ಬೆಳಗಿನ ರೈಲಿಗೆ ಬಂದಿದ್ದಳು, ಕಣ್ಣು ಕೆಂಪಗಿದ್ದವು. ಅಪ್ಪನ ಗಾಲಿಕುರ್ಚಿ ಅವಳ ಪಕ್ಕದಲ್ಲಿ. ಗ್ರೇಸಿ ಸಿಸ್ಟರ್ ಗೋಡೆಗೆ ಒರಗಿ ನಿಂತಿದ್ದರು. ಸೌದಾಮಿನಿ ಬಾಗಿಲ ಹತ್ತಿರ, ಏಪ್ರನ್ ಬಿಚ್ಚಿ ಮಡಚಿ ಕೈಯಲ್ಲಿ ಹಿಡಿದುಕೊಂಡು. ಕೇಳುವ ಮೊದಲೇ ಕೊಟ್ಟುಬಿಟ್ಟರೆ ಮರ್ಯಾದೆ ಎಂದು ಅವಳ ಲೆಕ್ಕ.

"ನನ್ನ ಅಪ್ಪ ಸಾಯ್ತಿದ್ದರು," ಎಂದಳು ದೀಪ್ತಿ. "ಇವರ ಉದ್ದೇಶ ಒಳ್ಳೆಯದೇ ಇರಬಹುದು. ನಾನು ಅದರ ಬಗ್ಗೆ ಹೇಳ್ತಿಲ್ಲ. ಆದರೆ ಇವರು ಇಲ್ಲಿ ಇದ್ದರೆ ನಾನು ಅಪ್ಪನನ್ನು ಇಲ್ಲಿ ಬಿಡುವುದಿಲ್ಲ. ಬರವಣಿಗೆಯಲ್ಲಿ ದೂರು ಕೊಡ್ತೇನೆ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ರಾಧಾಕೃಷ್ಣ ಅವರು ಮೆದು ಮನುಷ್ಯ. ಹಣೆ ಒರೆಸಿಕೊಂಡು, ಮೇಜಿನ ಮೇಲಿನ ಗಾಜನ್ನು ನೋಡಿಕೊಂಡು, "ಸೌದಾಮಿನಿ, ಬೇರೆ ದಾರಿ ಇಲ್ಲ..." ಎಂದು ಶುರು ಮಾಡಿದರು.

"ಒಂದು ನಿಮಿಷ," ಎಂದಿತು ಒಂದು ಸ್ವರ.

ಎಲ್ಲರೂ ತಿರುಗಿದರು. ಬಂದ ದಿನದಿಂದ "ಬೇಡ" ಒಂದು ಬಿಟ್ಟರೆ ಬಾಯಿ ತೆರೆಯದಿದ್ದ ಬಲ್ಲಾಳರು ಗಾಲಿಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಕೋರ್ಟಿನಲ್ಲಿ ಮೂವತ್ತು ವರ್ಷ ಗದ್ದಲ ಅಡಗಿಸಿದ ಸ್ವರ ಅದು, ಮುದಿಯಾದರೂ ಮೊಂಡಾಗಿರಲಿಲ್ಲ. ಮಲಯಾಳದಲ್ಲೇ ಮಾತಾಡಿದರು, ಎಲ್ಲರಿಗೂ ತಿಳಿಯಲೆಂದು. "ಡಾಕ್ಟರು ಹೇಳಿದ್ದನ್ನು ಕೇಳಿದ್ರಿ. ನರ್ಸಮ್ಮ ಹೇಳಿದ್ದನ್ನು ಕೇಳಿದ್ರಿ. ಈ ಹೆಂಗಸು ತಾನಾಗಿ ಒಪ್ಪಿಕೊಂಡಿದ್ದಾಳೆ. ಬೆಲ್ಲ ತಿಂದವನ ಸಾಕ್ಷಿ ಆಗಿದೆಯಾ? ಸಾಕ್ಷಿ ಮುಗಿಯದೆ ತೀರ್ಪು ಕೊಡುವುದು ಯಾವ ಕೋರ್ಟು?"

ರಾಧಾಕೃಷ್ಣ ಅವರು ತಮ್ಮ ಕುರ್ಚಿಯನ್ನು ಮುದುಕರ ಕಡೆ ತಿರುಗಿಸಿದರು. "ಹೇಳಿ ಸರ್," ಎಂದರು.

"ಬೆಲ್ಲ ಕೊಟ್ಟದ್ದು ಇವಳು. ತಿನ್ನದೆ ಮಗುವಿನ ಹಾಗೆ ಕೈಯಲ್ಲಿ ಹಿಡಿದುಕೊಂಡದ್ದು ನಾನು. ಊಟ ಬಿಟ್ಟು ಹಠ ಹಿಡಿದದ್ದೂ ನಾನೇ. ಊಟ ಮಾಡಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ ಅಂತ ಅಲ್ಲಿಯ ಡಾಕ್ಟರೇ ಹೇಳಿದ್ದಾರೆ. ಯಾಕೆ ಹಿಡಿದುಕೊಂಡೆ ಅಂತ ಕೇಳಿ."

ಯಾರಾದರೂ ಕೇಳುವ ಮೊದಲೇ ಅವರು ಮಗಳ ಕಡೆ ತಿರುಗಿ ಕನ್ನಡಕ್ಕೆ ಬಂದರು. "ದೀಪ್ತಿ, ನಿನ್ನ ಮೇಲೆ ನನಗೆ ಕೋಪ ಇಲ್ಲ. ನಿನಗೆ ಬೇರೆ ದಾರಿ ಇರಲಿಲ್ಲ, ನನಗೆ ಗೊತ್ತು. ಆದರೆ ಕಾರಿಂದ ಇಳಿಯುವಾಗ, ಇನ್ನು ನನ್ನನ್ನು ಯಾರೂ ಬನ್ನಿ ಅಂತ ಕರೆಯುವುದಿಲ್ಲ ಅಂದುಕೊಂಡೆ. ಇಟ್ಟುಹೋಗುವ ಸಾಮಾನು ನಾನು. ಸಾಮಾನಿಗೆ ಯಾರು ಬನ್ನಿ ಅಂತಾರೆ? ಇವಳು ಅಂದಳು. ಬೆಲ್ಲ ಹಿಡಿದುಕೊಂಡು ಅಂದಳು. ನಿನ್ನ ಅಮ್ಮ ಹೋದ ಮೇಲೆ ನನ್ನ ಕೈಗೆ ಯಾರೂ ಬೆಲ್ಲ ಕೊಟ್ಟಿರಲಿಲ್ಲ ಮಗಾ. ಬಿಡಲಿಕ್ಕೆ ಮನಸ್ಸು ಬರಲಿಲ್ಲ, ಹಿಡಿದುಕೊಂಡೆ."

ದೀಪ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾನೂನು ಇಲಾಖೆಯ ಅಧಿಕಾರಿ ಅಲ್ಲಿ ಯಾರೂ ಉಳಿದಿರಲಿಲ್ಲ, ಅಪ್ಪನ ಮುಂದೆ ಅಳುವ ಮಗಳಿದ್ದಳು. ಮುದುಕರು ಅವಳ ತಲೆ ಮುಟ್ಟಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮತ್ತೆ ಶಿರಸ್ತೆದಾರರಾದರು. "ಇನ್ನು ದೂರಿನ ವಿಷಯ. ಬೆಲ್ಲ-ನೀರು ಕುಡಿದ ಮನೆಯ ಮೇಲೆ ದೂರು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಿನ್ನ ಅಜ್ಜ ಕೊಟ್ಟಿಲ್ಲ, ನಾನು ಕೊಟ್ಟಿಲ್ಲ. ನೀನೂ ಕೊಡುವುದಿಲ್ಲ."

ದೀಪ್ತಿ ಕಣ್ಣೊರೆಸಿಕೊಂಡು, "ಆಯ್ತಪ್ಪ, ಇವರು ಇರಲಿ. ಆದರೆ ಇನ್ನು ಮುಂದೆ ಹೀಗಾಗಬಾರದು," ಎಂದಳು.

ರಾಧಾಕೃಷ್ಣ ಅವರಿಗೆ ಹೋದ ಜೀವ ಬಂದಂತಾಯಿತು. "ಆಯಿತು, ಆಯಿತು. ಇನ್ನು ಮೇಲೆ ಮೊದಲು ಸೂಜಿ, ಆಮೇಲೆ ಬೆಲ್ಲ. ಸರಿಯಾ?"

ಕೆಲಸ ಉಳಿಯಿತು. ಬೇರೆ ಯಾರಾಗಿದ್ದರೂ ಕೈಮುಗಿದು, ಏಪ್ರನ್ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಸೌದಾಮಿನಿ ಅಲ್ಲಾಡಲಿಲ್ಲ. "ಇಲ್ಲ ಸರ್," ಎಂದಳು.

"ಇಲ್ಲವಾ?"

"ಮನೆಗೆ ಬಂದವರಿಗೆ ಮೆಟ್ಟಿಲಲ್ಲೇ ಸೂಜಿ ಚುಚ್ಚಿ ಆಮೇಲೆ ಬನ್ನಿ ಅನ್ನಲಿಕ್ಕಾಗುವುದಿಲ್ಲ ಸರ್. ಅದಕ್ಕಿಂತ ನನ್ನನ್ನು ಬಿಡಿಸಿ. ಬೆಲ್ಲ ಮೊದಲೇ. ಆದರೆ ಯಾರ ಕೈಗೂ ಕೊಡುವುದಿಲ್ಲ, ಚಮಚದಲ್ಲಿ ಬಾಯಿಗೇ ಹಾಕ್ತೇನೆ. ಆಮೇಲೆ ಸಾಬೂನು ಹಾಕಿ ಎರಡೂ ಕೈ ನಾನೇ ತೊಳೆದು, ಒರೆಸಿ, ಸಿಸ್ಟರಿಗೆ ತೋರಿಸ್ತೇನೆ. ಅವರು ಸರಿ ಅಂದ ಮೇಲೆ ಸೂಜಿ."

ರಾಧಾಕೃಷ್ಣ ಅವರು ಗ್ರೇಸಿ ಸಿಸ್ಟರ ಮುಖ ನೋಡಿದರು. ಗ್ರೇಸಿ ಸಿಸ್ಟರ್ ಹುಬ್ಬು ಗಂಟಿಕ್ಕಿಕೊಂಡೇ, "ಕೈ ತೊಳೆಸುವುದು ಹೇಗಿದ್ದರೂ ಒಳ್ಳೆಯದೇ," ಎಂದರು. ಹೊರಗೆ ಬಂದ ಮೇಲೆ ಸೌದಾಮಿನಿಯ ಕೈಯಿಂದ ಏಪ್ರನ್ ಕಿತ್ತುಕೊಂಡು ತಾವೇ ಅವಳ ಸೊಂಟಕ್ಕೆ ಕಟ್ಟಿದರು. ಗಂಟು ಸ್ವಲ್ಪ ಬಿಗಿಯಾಯಿತು. ಅವರಿಗೆ ಪ್ರೀತಿ ತೋರಿಸುವುದು ಅಭ್ಯಾಸವಿರಲಿಲ್ಲ.

ಬಲ್ಲಾಳರು ಅಂದಿನಿಂದ ಆ ಮನೆಯವರಾದರು. ಅವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಸೌದಾಮಿನಿ ಅಡುಗೆಯವರಿಗೆ ಹೇಳಿ, ಅವರೊಬ್ಬರ ಊಟ ಬೆಳಕಿರುವಾಗಲೇ ಬರುವ ಹಾಗೆ ಮಾಡಿದಳು. ಒಬ್ಬರೇ ಕೂತು ಉಣ್ಣಲು ಬೇಸರವಾಗಬಾರದು ಎಂದು ಕಂಡಕ್ಟರ್ ಮುದುಕರ ಊಟವನ್ನೂ ಅದೇ ಹೊತ್ತಿಗೆ ತಂದಿಟ್ಟಳು. ನೋಡನೋಡುತ್ತ ಇಡೀ ಸಾಲೇ ಸಂಜೆಯ ಬೆಳಕಿನಲ್ಲಿ ಉಣ್ಣತೊಡಗಿತು. ಹೊಟ್ಟೆಯುಬ್ಬರ, ನಿದ್ದೆಯ ತಕರಾರು ಎರಡೂ ಕಡಿಮೆಯಾದವು ಎಂದು ಗ್ರೇಸಿ ಸಿಸ್ಟರ್ ಡಾಕ್ಟರಿಗೆ ಹೇಳುವುದನ್ನು ಸೌದಾಮಿನಿ ಕೇಳಿಸಿಕೊಂಡಳು. ಆ ದಿನ ಮನೆಗೆ ಹೋಗುವಾಗ ಅವಳ ನಡಿಗೆಯಲ್ಲೇ ಒಂದು ಗತ್ತು.

2008ರಲ್ಲಿ ಅದೇ ಸಂಸ್ಥೆ ತಿರುವನಂತಪುರದ ಕಳಕ್ಕೂಟಂನಲ್ಲಿ ಹೊಸ ಮನೆ ತೆರೆಯಿತು. ಕೊಚ್ಚಿಯಿಂದ ಗ್ರೇಸಿ ಸಿಸ್ಟರನ್ನು ಮೊದಲೇ ಕಳಿಸಿದರು. ಅವರು ಹೋಗುವಾಗ ಒಂದೇ ಷರತ್ತು ಹಾಕಿದರಂತೆ: ಆರೈಕೆಯವರ ಮೇಲ್ವಿಚಾರಣೆಗೆ ಸೌದಾಮಿನಿ ಬೇಕು, ಬೇರೆ ಯಾರನ್ನು ಕಳಿಸಿದರೂ ವಾಪಸು ಕಳಿಸುತ್ತೇನೆ. ಹಿಂದಿನ ಬಾಗಿಲಿನಿಂದ ಬಂದು ಬಕೆಟ್ ಹಿಡಿದವಳು ಈಗ ಒಂದು ಮನೆಯ ಮೇಲ್ವಿಚಾರಕಿ. ಶ್ರೀಪತಿಗೆ ಆ ವರ್ಷವೇ ನಿವೃತ್ತಿ, ತನ್ವಿಗೆ ಅಲ್ಲಿಯ ಕಾಲೇಜಿನಲ್ಲಿ ಸೀಟು. ಎಲ್ಲ ಕೂಡಿಬಂತು. ಬಲ್ಲಾಳರಂತೂ ಮಗಳ ಹತ್ತಿರವಾಗುತ್ತದೆಂದು ಒಂದು ತಿಂಗಳು ಮೊದಲೇ ಅಲ್ಲಿಗೆ ಹೋಗಿದ್ದರು.

ಸೌದಾಮಿನಿ ಹೋದ ದಿನ ಮಳೆ ಹಿಡಿದಿತ್ತು. ಐಟಿ ಪಾರ್ಕಿನ ಬಸ್ಸುಗಳು, ಕ್ಯಾಬುಗಳು, ಬೈಕುಗಳ ನಡುವೆ ಆಟೋ ತೆವಳುತ್ತ ತೆವಳುತ್ತ ಆ ಮನೆಯ ಗೇಟಿಗೆ ಬಂದಾಗ ಅವಳ ಸೀರೆ ಅರ್ಧ ನೆನೆದಿತ್ತು. ರೈಲಿನಲ್ಲಿ ನೀರಿನ ಬಾಟಲಿ ಖಾಲಿಯಾಗಿ, ಗಂಟಲು ಒಣಗಿತ್ತು. ಅಭ್ಯಾಸ ನೋಡಿ, ಬ್ಯಾಗು ಹಿಡಿದು ಹಿಂದಿನ ಬಾಗಿಲ ಕಡೆ ಹೊರಟಳು.

"ಎಲ್ಲಿಗೆ ಹೋಗ್ತಿ? ಇಲ್ಲಿ ಬಾ," ಎಂದು ಕೂಗಿದರು ಯಾರೋ.

ಮುಂದಿನ ಬಾಗಿಲು ಅಗಲವಾಗಿ ತೆರೆದಿತ್ತು. ಮೆಟ್ಟಿಲ ಮೇಲೆ, ಜಾಲರಿಯಂತೆ ಬೀಳುವ ಸೂರಿನ ನೀರಿನ ಆಚೆ, ಗಾಲಿಕುರ್ಚಿಯಲ್ಲಿ ಬಲ್ಲಾಳರು. ತೊಡೆಯ ಮೇಲೆ ಒಂದು ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಕಪ್ಪಗಿನ ತಾಳೆಬೆಲ್ಲದ ಒಂದು ತುಂಡು. ಅಲ್ಲಿಯವರು ಅದಕ್ಕೆ ಕರಿಪ್ಪಟ್ಟಿ ಎನ್ನುತ್ತಾರೆ. ಬೆಳಗ್ಗೆಯೇ ದೀಪ್ತಿಗೆ ಫೋನು ಮಾಡಿ ತರಿಸಿದ್ದರು. ಪಕ್ಕದಲ್ಲಿ ಗ್ರೇಸಿ ಸಿಸ್ಟರ್ ನೀರಿನ ಲೋಟ ಹಿಡಿದು ನಿಂತಿದ್ದರು, ಇಸ್ತ್ರಿ ಮಾಡಿದ ಉಡುಪಿಗೆ ಮಳೆಯ ಹನಿ ಬೀಳುತ್ತಿದ್ದರೂ ಒಳಗೆ ಸರಿಯದೆ.

"ಇಲ್ಲಿಗೆ ಬಂದ ದಿನ ನನ್ನನ್ನು ಬರೀ ತೂಗಿ ಒಳಗೆ ಹಾಕಿದರು," ಎಂದರು ಬಲ್ಲಾಳರು, ಗ್ರೇಸಿ ಸಿಸ್ಟರ ಕಡೆ ಕಣ್ಣು ಹೊರಳಿಸಿ. "ನಿನಗೆ ಹಾಗಾಗಬಾರದು ಅಂತ ಬೆಳಗ್ಗಿನಿಂದ ಇಲ್ಲೇ ಕೂತಿದ್ದೇನೆ."

ಸೌದಾಮಿನಿ ಇದ್ದಲ್ಲೇ ಬ್ಯಾಗು ಕೆಳಗಿಟ್ಟಳು. ಏಳು ವರ್ಷದಿಂದ ಎಷ್ಟೋ ಜನರಿಗೆ ಅವಳು ಬೆಲ್ಲ ಕೊಟ್ಟಿದ್ದಳು. ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ತನಗೂ ಬೇಕು ಎಂದು ಅವಳಿಗೇ ಮರೆತು ಹೋಗಿತ್ತು. ಮಳೆಯಲ್ಲಿ ನಿಂತು ಅವಳು ಅತ್ತಳು, ಹೆಮ್ಮೆಯಿಂದಲೇ ಅತ್ತಳು. ಆಮೇಲೆ ಮೆಟ್ಟಿಲು ಹತ್ತಿ ಕೈ ಚಾಚಿದಳು.

"ಕೈ ಕೆಳಗೆ," ಎಂದರು ಬಲ್ಲಾಳರು. ತಟ್ಟೆಯಿಂದ ಚಮಚ ಎತ್ತಿ ಬೆಲ್ಲವನ್ನು ಅವಳ ಬಾಯಿಗೇ ಹಾಕಿದರು. "ನಿನ್ನದೇ ಕಾನೂನು ಅಲ್ವಾ? ಬಾ ಮಗಳೇ, ಒಳಗೆ ಬಾ."